ಯಾರೂ ಇಲ್ಲದಾಗ ಉರಿಯುವ ದೀಪ

ಹೊನ್ನಾವರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಚರ್ಚಿನ ಕರೆಂಟ್ ಬಿಲ್ ಏರುತ್ತಲೇ ಇದೆ. ಸಮಿತಿಯಲ್ಲಿ ಕೆಲವರು ಎಸಿ ಬೇಕು ಅಂತಾರೆ. ಕೆಲವರು ಹಂಚಿನ ಮೇಲೆ ಸೋಲಾರ್ ಕೂರಿಸೋಣ ಅಂತಾರೆ. ಮೊದಲು ಯಾವುದು?’

ಎರಡೂ ಬೇಡ. ಮೊದಲು ರಾತ್ರಿ ಹತ್ತರ ಮೇಲೆ ಚರ್ಚಿಗೊಂದು ಸುತ್ತು ಹಾಕಿ. ಯಾರೂ ಇಲ್ಲದಾಗ ಏನೇನು ಉರಿಯುತ್ತಿದೆ ನೋಡಿ.

ಚರ್ಚಿನಲ್ಲಿ ಜನ ಇರುವುದು ವಾರಕ್ಕೆ ಕೆಲವೇ ಗಂಟೆ, ಅಲ್ವಾ? 75 ವ್ಯಾಟಿನ ಇಪ್ಪತ್ತು ಫ್ಯಾನ್ ಒಂದು ಗಂಟೆ ತಿರುಗಿದರೆ ಒಂದೂವರೆ ಯೂನಿಟ್. ಆದರೆ ಶಿಲುಬೆಗೆ, ಎದುರು ಗೋಡೆಗೆ ಬೆಳಕು ಬಿಡುವ 400 ವ್ಯಾಟಿನ ಎರಡು ಹಳೇ ಫ್ಲಡ್‌ಲೈಟ್ ರಾತ್ರಿ ಹತ್ತು ಗಂಟೆ ಕಾಲ ಉರಿದರೆ 8 ಯೂನಿಟ್. ತಿಂಗಳಿಗೆ 240! ಅಲ್ಲಿ 100 ವ್ಯಾಟಿನ ಎರಡು ಎಲ್‌ಇಡಿ ಹಾಕಿ, ಟೈಮರ್ ಇಟ್ಟು ದಿನಕ್ಕೆ ಮೂರೇ ಗಂಟೆ ಉರಿಸಿದರೆ ತಿಂಗಳಿಗೆ 18 ಯೂನಿಟ್ ಸಾಕು. ಫ್ಯಾನ್ ಕೆಟ್ಟಾಗ ಕಡಿಮೆ ಕರೆಂಟ್ ಎಳೆಯುವ ಮೋಟರಿನ ಬಿಎಲ್‌ಡಿಸಿ ಫ್ಯಾನ್ ತನ್ನಿ, ಸುಮಾರು 30 ವ್ಯಾಟ್ ಅಷ್ಟೇ. ಚೆನ್ನಾಗಿರುವುದನ್ನು ಸುಮ್ನೆ ಬಿಚ್ಚಬೇಡಿ.

ಎಸಿ ನಮ್ಮ ಹಂಚಿನ ಚರ್ಚುಗಳಿಗೆ ಹೇಳಿದ್ದಲ್ಲ. ಚಾವಣಿ ಎತ್ತರ, ಬಾಗಿಲು ಸದಾ ತೆರೆದಿರುತ್ತದೆ, ಹಂಚಿನ ಸಂದಿಯಲ್ಲೂ ತಂಪು ಸೋರಿ ಹೋಗುತ್ತದೆ. ಜೊತೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿ, ಹೆಚ್ಚಿಸಬೇಕು. ಆಮೇಲೆ ಎಸಿ ಹಾಕದ ಮಳೆಗಾಲದಲ್ಲೂ ಪ್ರತಿ ತಿಂಗಳು ನಿಗದಿತ ಶುಲ್ಕ ಜಾಸ್ತಿ. ಕರಾವಳಿಯ ಸೆಕೆಗೆ ಬೇಕಾಗಿರುವುದು ಬೆವರು ಆರಿಸುವ ಗಾಳಿ. ಹಳಬರು ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇಟ್ಟಿದ್ದು ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲಿ ಅಂತ. ಪಾರಿವಾಳದ ಕಾಟಕ್ಕೆ ಅವನ್ನು ಮುಚ್ಚಿದ್ದರೆ, ಬಲೆ ಹಾಕಿಸಿ ತೆರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಸೋಲಾರ್ ಒಳ್ಳೆಯದೇ, ಆದರೆ ಹಂಚಿನ ಮೇಲೆ ಬೇಡ. ಹತ್ತಿ ಇಳಿಯುವಾಗ ಹಂಚು ಒಡೆದರೆ ಜೂನ್‌ನಲ್ಲಿ ಪೀಠದ ಮೇಲೇ ನೀರು. ಸಭಾಭವನಕ್ಕೆ ಆರ್‌ಸಿಸಿ ತಾರಸಿ ಇದ್ದರೆ ಅಲ್ಲಿ ಹಾಕಿ. ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ಮಳೆಗಾಲದಲ್ಲಿ ತುಂಬಾ ಕಡಿಮೆ. ವಾರದ ದಿನ ಮಧ್ಯಾಹ್ನ ಬಳಸುವವರೇ ಇಲ್ಲ. ಹಾಗಾಗಿ ಉಳಿದ ಕರೆಂಟನ್ನು ಲೈನಿಗೆ ಕೊಟ್ಟು ಲೆಕ್ಕಕ್ಕೆ ಹಿಡಿಯುವ ನೆಟ್ ಮೀಟರ್ ಇಲ್ಲದೆ ಕೈ ಹಾಕಬೇಡಿ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಚೌಕಟ್ಟನ್ನೇ ಕೇಳಿ.

ಕರೆಂಟಿನ ಬೆಲೆ ಬಿಲ್ಲಿನಲ್ಲಿ ಇರುವಷ್ಟೇ ಅಲ್ಲ. ಕರೆಂಟಿಗಾಗಿ ಕಾಳಿ ನದಿಗೆ ಕದ್ರಾ, ಕೊಡಸಳ್ಳಿ ಅಣೆಕಟ್ಟು ಬಂದಾಗ ಊರು ಬಿಟ್ಟವರು ನಮ್ಮ ಜಿಲ್ಲೆಯವರೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಬರೆದ ಪತ್ರದಲ್ಲಿ ಬೇಡದ ದೀಪ ಆರಿಸುವ ಮಾತೂ ಇದೆ. ಸಮಿತಿಯಲ್ಲಿ ಅದನ್ನೂ ಓದಿ ಹೇಳಿ.

ಈ ವಾರ ಒಂದು ರಾತ್ರಿ ಹತ್ತಕ್ಕೆ ಮೀಟರ್ ಬರೆದಿಡಿ, ಬೆಳಿಗ್ಗೆ ಪೂಜೆಗೆ ಮೊದಲು ಇನ್ನೊಮ್ಮೆ ನೋಡಿ. ಎಷ್ಟು ಯೂನಿಟ್ ಓಡಿದೆ ಅಂತ ನಮಗೂ ತಿಳಿಸಿ.

– ಸಂಪಾದಕ