ಕಾರ್ಡಿನ ಬಿಲ್ ಯಾರಿಗೂ ತೋರಿಸಿರಲಿಲ್ಲ

ನಾನು ಆಪ್ತಸಲಹೆಗಾರ್ತಿ. ಹಣದ ಚಿಂತೆ ಹೊತ್ತು ನನ್ನ ಹತ್ತಿರ ಬರುವವರಲ್ಲಿ ಒಂದೇ ಥರದ ಕತೆ ಪದೇ ಪದೇ ಕಾಣುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅವರಲ್ಲಿ ಒಬ್ಬ ಮಹಿಳೆಗೆ ನಲವತ್ತರ ಆಸುಪಾಸು. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ. ರಾತ್ರಿ ನಿದ್ದೆ ಬರುವುದಿಲ್ಲ ಅಂತ ಬಂದಿದ್ದರು. ಮಾತಾಡುತ್ತಾ ಹಣದ ವಿಷಯ ಹೊರಬಂತು. ಅಷ್ಟರಲ್ಲಾಗಲೇ ಮೂವರನ್ನು ಕಂಡಿದ್ದರು. ವಿಮೆ ಏಜೆಂಟ್ ಪಾಲಿಸಿ ಮಾಡಿಸಿದ್ದರು, ತೆರಿಗೆ ನೋಡುವವರು ತೆರಿಗೆ ಉಳಿಸಿ ಕೊಟ್ಟಿದ್ದರು, ಹೂಡಿಕೆ ಸಲಹೆಗಾರರು ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ ಹಾಕಿಸಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಆದರೂ, "ಯಾರೂ ಸರಿಯಾಗಿ ಹೇಳಲ್ಲ ಮೇಡಂ, ನೀವೇ ಒಳ್ಳೆಯವರು ಯಾರನ್ನಾದ್ರೂ ಹೇಳಿ" ಅಂದರು.

ನಾನು ಹೆಸರು ಕೊಡಲಿಲ್ಲ. ಅವರಿಗೆಲ್ಲ ಏನೇನು ಕಾಗದ ತೋರಿಸಿದಿರಿ ಅಂತ ಕೇಳಿದೆ. ಸಂಬಳದ ಚೀಟಿ, ಉಳಿತಾಯ ಖಾತೆಯ ಲೆಕ್ಕ. ಕ್ರೆಡಿಟ್ ಕಾರ್ಡಿನ ಬಿಲ್? ಇಲ್ಲ. ಹೂಡಿಕೆಯವರು ಸಾಲ ಇದೆಯಾ ಅಂತ ಕೇಳಿದ್ದರಂತೆ, ಇವರು ಅಂಥದ್ದೇನಿಲ್ಲ ಅಂದುಬಿಟ್ಟಿದ್ದರು. ಯಾಕೆ ಅಂದೆ.

"ಅದನ್ನ ತೋರಿಸಿದ್ರೆ ನಾನು ಸಾಲಗಾರ್ತಿ ಮೇಡಂ. ತೋರಿಸದಿದ್ರೆ ಹೂಡಿಕೆ ಮಾಡೋಳು."

ತಪ್ಪು ಸಹಾಯ ಆರಿಸಿಕೊಳ್ಳುವುದಕ್ಕೆ ಮಾಹಿತಿ ಇಲ್ಲದ್ದೇ ಕಾರಣ ಅಂತ ಎಲ್ಲರೂ ಅನ್ನುತ್ತಾರೆ. ನಾನು ನೋಡಿದ ಹಾಗೆ ನಾಚಿಕೆಯ ಪಾಲು ಅದಕ್ಕಿಂತ ಜಾಸ್ತಿ. ಮುಚ್ಚಿಡಬೇಕಾದ್ದನ್ನು ಯಾರ ಮುಂದೆ ಮುಚ್ಚಿಡಬಹುದೋ ಅಂಥವರ ಹತ್ತಿರವೇ ಜನ ಹೋಗುತ್ತಾರೆ, ಹೋಗಿ ಬಂದು ಸಲಹೆ ಸರಿಯಿಲ್ಲ ಅನ್ನುತ್ತಾರೆ.

ಲೆಕ್ಕ ಅಲ್ಲೇ ಹಾಕಿದೆವು. ಕಾರ್ಡಿಗೆ ತಿಂಗಳಿಗೆ ಶೇ. 3 ಬಡ್ಡಿ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ. 42 ದಾಟುತ್ತದೆ. ಅಷ್ಟು ಲಾಭವನ್ನು ವರ್ಷ ವರ್ಷವೂ ಕೊಡುವ ಫಂಡ್ ಇಲ್ಲ. ಇವರೋ ಕಾರ್ಡಿಗೆ ಕನಿಷ್ಠ ಮೊತ್ತ ಕಟ್ಟಿ, ಮಿಕ್ಕಿದ್ದನ್ನು ಫಂಡಿಗೆ ಹಾಕುತ್ತಿದ್ದರು!

ಮೊದಲು ಸಾಲ ತೀರಿಸುವ ದಾರಿ ಹೇಳಿಕೊಡುವ ಸಾಲ ಸಲಹೆಗಾರರನ್ನು ಕಾಣಿ, ಎಲ್ಲ ಬಿಲ್ ತೆಗೆದುಕೊಂಡು ಹೋಗಿ ಅಂದೆ. ಮುಂಗಡ ಶುಲ್ಕ ಕೇಳುತ್ತಾ, "ಬ್ಯಾಂಕಿಗೆ ಕಟ್ಟುವುದನ್ನು ನಿಲ್ಲಿಸಿ, ನಾವು ಮಾತಾಡಿ ಸಾಲ ಕಡಿಮೆ ಮಾಡಿಸುತ್ತೇವೆ" ಅನ್ನುವವರ ಹತ್ತಿರ ಮಾತ್ರ ಬೇಡ. ಕಟ್ಟುವುದು ನಿಂತರೆ ದಂಡ, ಬಡ್ಡಿ ಏರುತ್ತಾ ಹೋಗುತ್ತದೆ, ಮುಂದೆ ಸಾಲ ಹುಟ್ಟುವುದೂ ಕಷ್ಟ. ಆಪ್ತಸಲಹೆಯಲ್ಲಿ ಹೀಗೆ ನೇರವಾಗಿ ಹೇಳಬಾರದು, ದಾರಿ ಅವರಿಗೇ ಹೊಳೆಯಲಿ ಅನ್ನುವ ಸಹೋದ್ಯೋಗಿಗಳಿದ್ದಾರೆ. ಇರಲಿ. ಹೊಳೆಯುವವರೆಗೆ ಬಡ್ಡಿ ಯಾರು ಕಟ್ಟುತ್ತಾರೆ? ಯಾವ ಫಂಡ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ, ಯಾವ ಬಾಗಿಲು ತಟ್ಟಬೇಕು ಅಂತ ಹೇಳುತ್ತೇನೆ.

ಇನ್ನೊಂದು ಮಾತೂ ಹೇಳಿದೆ, ಓದುವವರಿಗೂ ಅದೇ. ಎದುರಿಗೆ ಕೂತವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ, ಸಂಕೋಚ ಬೇಡ. ಕಮಿಷನ್ ಆದರೆ ನೀವು ಏನಾದರೂ ಕೊಂಡರಷ್ಟೇ ಅವರಿಗೆ ಲಾಭ. ಹೂಡಿದ ಹಣದಲ್ಲಿ ಇಷ್ಟು ಪಾಲು ಅಂತ ತೆಗೆದುಕೊಳ್ಳುವವರಾದರೆ, ನೀವು ಹಣ ತೆಗೆದು ಸಾಲ ತೀರಿಸಿದ ದಿನ ಅವರ ಆದಾಯವೂ ಇಳಿಯುತ್ತದೆ. ವರ್ಷಕ್ಕೆ ಶೇ. 1 ತಾನೇ ಅನ್ನಬೇಡಿ, ಒಂದೇ ಸಲ ಹೂಡಿ ಬಿಟ್ಟ ಹಣವಾದರೆ 30 ವರ್ಷಕ್ಕೆ ಅದು ಕೊನೆಗೆ ಕೈಗೆ ಬರಬೇಕಾದ ಮೊತ್ತದಲ್ಲಿ ಸುಮಾರು ಕಾಲು ಭಾಗ ತಿನ್ನುತ್ತದೆ. ಗಂಟೆಗೋ ಕೆಲಸಕ್ಕೋ ಇಷ್ಟು ಅಂತ ನಿಮ್ಮಿಂದಲೇ ಶುಲ್ಕ ಪಡೆಯುವವರು ಮೊದಲಿಗೆ ದುಬಾರಿ ಅನ್ನಿಸುತ್ತಾರೆ, ಆದರೆ ಏನೂ ಕೊಳ್ಳಬೇಡಿ ಅಂತ ಹೇಳಲು ಅವರಿಗೆ ಅಡ್ಡಿಯಿಲ್ಲ. ಹೂಡಿಕೆ ಸಲಹೆಗಾರರಾಗಲಿ ವಿಮೆಯವರಾಗಲಿ, ನೋಂದಣಿ ಇದೆಯಾ ಅಂತ ನಿಯಂತ್ರಕರ (ಹೂಡಿಕೆಗೆ ಸೆಬಿ, ವಿಮೆಗೆ ಐಆರ್‌ಡಿಎಐ) ಪಟ್ಟಿಯಲ್ಲಿ ನೀವೇ ನೋಡಿ, ಅವರು ಕೊಟ್ಟ ವಿಸಿಟಿಂಗ್ ಕಾರ್ಡ್ ನಂಬಿಕೊಂಡು ಬರಬೇಡಿ.

ಅವರು ಸಾಲ ಸಲಹೆಗಾರರ ಹತ್ತಿರ ಹೋದರು. ಫಂಡಿನ ಕಂತು ಸದ್ಯಕ್ಕೆ ನಿಂತಿದೆ, ಆ ಹಣ ಕಾರ್ಡಿಗೆ ಹೋಗುತ್ತಿದೆ. ಪಾಲಿಸಿ ಬಿಡುವುದೋ ಇಟ್ಟುಕೊಳ್ಳುವುದೋ ಇನ್ನೂ ತೀರ್ಮಾನವಾಗಿಲ್ಲ. ಅದು ನಾನು ಹೇಳುವ ವಿಷಯವೂ ಅಲ್ಲ. ಈಗ ಬಿಟ್ಟರೆ ಎಷ್ಟು ಕೈಗೆ ಬರುತ್ತದೆ ಅಂತ ಮೊದಲು ಕಂಪನಿಯಿಂದ ಬರೆಸಿಕೊಳ್ಳಿ, ಆ ಕಾಗದ ಹಿಡಿದು ಶುಲ್ಕವನ್ನಷ್ಟೇ ತೆಗೆದುಕೊಳ್ಳುವ ಹಣಕಾಸು ಪ್ಲಾನರ್ ಒಬ್ಬರನ್ನು ಕೇಳಿ ಅಂದಿದ್ದೇನೆ.