ಕಾಡಿನ ಇಲಿ, ಸುಂಡಿಲಿ ಸಮೀಕ್ಷೆಗೆ ಯಾವ ಬೋನು ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಎಂಎಸ್ಸಿ ಪ್ರಾಜೆಕ್ಟ್‌ಗೆ ಮಲೆನಾಡಿನ ಕಾಡಿನಲ್ಲಿ ಸಣ್ಣ ಸಸ್ತನಿಗಳ ಸಮೀಕ್ಷೆ ಮಾಡಬೇಕು, ದುಡ್ಡು ಕಡಿಮೆ. ಶರ್ಮನ್ ಬೋನು, ತಂತಿ ಬೋನು, ನೆಲದಲ್ಲಿ ಹೂಳುವ ಬಕೆಟ್, ಇವುಗಳಲ್ಲಿ ಒಂದನ್ನೇ ಆರಿಸುವುದಾದರೆ ಯಾವುದು?

ಒಂದನ್ನೇ ಆರಿಸಬೇಡಿ. ಹಾಗೆ ಮಾಡಿ ನಾನು ಕೈ ಸುಟ್ಟುಕೊಂಡಿದ್ದೇನೆ.

ಮೊದಲ ಸಲ ಹೋದಾಗ ನಮ್ಮ ಹತ್ತಿರ ಇದ್ದದ್ದು ಬರೀ ಶರ್ಮನ್. 50 ಬೋನು, 4 ರಾತ್ರಿ, ಅಂದರೆ 200 ಬೋನು-ರಾತ್ರಿ. ಬಿದ್ದಿದ್ದೆಲ್ಲ ಇಲಿಗಳೇ, ಅದೂ ಎರಡೇ ಜಾತಿ. ಈ ಕಾಡಿನಲ್ಲಿ ಸುಂಡಿಲಿ (ಇಂಗ್ಲಿಷಿನ ಶ್ರೂ, ಇಲಿಯ ಗುಂಪಿಗೆ ಸೇರದ್ದು) ಇಲ್ಲ ಅಂತ ಬರೆಯುವುದೊಂದು ಬಾಕಿ ಇತ್ತು. ಕೊನೆಯ ದಿನ ಬೆಳಿಗ್ಗೆ ನೋಡಿದರೆ, ನಾವು ಉಳಿದುಕೊಂಡಿದ್ದ ಮನೆಯ ಬೆಕ್ಕು ಸತ್ತ ಸುಂಡಿಲಿಯೊಂದನ್ನು ಹೊಸ್ತಿಲಲ್ಲಿ ಹಾಕಿ ಹೋಗಿತ್ತು. (ಬೆಕ್ಕು ಸುಂಡಿಲಿಯನ್ನು ಕೊಲ್ಲುತ್ತದೆ, ಆದರೆ ಆ ಗಬ್ಬು ವಾಸನೆಗೆ ಸಾಮಾನ್ಯವಾಗಿ ತಿನ್ನುವುದಿಲ್ಲ.) ಮನೆ ಸುಂಡಿಲಿ ಇರಬೇಕು ಅಂದುಕೊಂಡೆ. ಅಲ್ಲ, ಅದಕ್ಕಿಂತ ಚಿಕ್ಕದು, ಮೈಯೆಲ್ಲ ಕಪ್ಪು. ಕಾಡಿನದೇ. ನಮ್ಮ 50 ಬೋನಿಗೆ ಬೀಳದ್ದು ಒಂದು ಬೆಕ್ಕಿಗೆ ಸಿಕ್ಕಿತ್ತು.

ಕಾರಣ ಸರಳ. ಶರ್ಮನ್ ಅಂದರೆ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಅಲ್ಯೂಮಿನಿಯಂ ಡಬ್ಬಿ. ಒಳಗಿನ ತಗಡಿನ ಮೇಲೆ ಕಾಲಿಟ್ಟರೆ ಬಾಗಿಲು ಮುಚ್ಚುತ್ತದೆ. ಆದರೆ ಎಟ್ರಸ್ಕನ್ ಎಂಬ ಪುಟ್ಟ ಜಾತಿಯ ಸುಂಡಿಲಿಯ ತೂಕ ಹೆಚ್ಚುಕಮ್ಮಿ 2 ಗ್ರಾಂ. ಅದು ಆ ತಗಡಿನ ಮೇಲೆ ಓಡಾಡಿದರೂ ಬಾಗಿಲು ಅಲ್ಲಾಡುವುದಿಲ್ಲ. ಇನ್ನು ನಾವು ಇಡುವ ಪೀನಟ್ ಬಟರ್, ಸುಟ್ಟ ಕೊಬ್ಬರಿ ಇಲಿಗೆ ಇಷ್ಟ. ಸುಂಡಿಲಿ ತಿನ್ನುವುದು ಹುಳ. ಒಣಮೀನಿನ ಚೂರು ಇಟ್ಟರೆ ಸ್ವಲ್ಪ ವಾಸಿ.

ಅದಕ್ಕೇ ಬಕೆಟ್. 20 ಲೀಟರ್ ಬಕೆಟ್‌ಗಳನ್ನು ಬಾಯಿ ನೆಲಕ್ಕೆ ಸಮ ಬರುವಂತೆ ಸಾಲಾಗಿ ಹೂಳಬೇಕು. ನಡುವೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಹಾಳೆಯ ಬೇಲಿ ಕಟ್ಟಿ, ಅದರ ಕೆಳಗಿನ ಅಂಚನ್ನು ಮಣ್ಣಲ್ಲಿ ಮುಚ್ಚಬೇಕು. ಪ್ರಾಣಿ ಬೇಲಿ ದಾಟಲಾರದೆ ಅದರ ಪಕ್ಕದಲ್ಲೇ ಓಡಿ ಬಕೆಟ್‌ಗೆ ಬೀಳುತ್ತದೆ. ತಿಂಡಿಯ ಆಸೆ ತೋರಿಸುವುದೇ ಬೇಡ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಎರಡನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶರ್ಮನ್‌ಗಿಂತ ಬಕೆಟ್‌ಗಳೇ ಜಾಸ್ತಿ ಜಾತಿ ಹಿಡಿದಿದ್ದವು. ಅಲ್ಲಿ ಬಳಸಿದ್ದು ದೊಡ್ಡ ಬಕೆಟ್. ನಮ್ಮ 20 ಲೀಟರಿನದರಿಂದ ದೊಡ್ಡ ಇಲಿ ಸುಮ್ನೆ ಒಂದು ಜಿಗಿತಕ್ಕೆ ಆಚೆ ಬರುತ್ತದೆ. ಹಾಗಾಗಿ ಇಲಿಗಳಿಗೆ ಶರ್ಮನ್ ಬೇಕೇ ಬೇಕು.

ಬಕೆಟ್‌ನ ಕಷ್ಟ ಗುಂಡಿ ತೋಡುವಾಗ ಗೊತ್ತಾಗುತ್ತದೆ. ಬೇರು, ಕಲ್ಲು, ಕಾಲಿಗೆ ಇಂಬಳ. ಒಂದು ಸಾಲಿಗೆ ನಮಗೆ ಅರ್ಧ ದಿನ ಹೋಗುತ್ತಿತ್ತು. ತಳಕ್ಕೆ ತೂತು ಮಾಡದಿದ್ದರೆ ಒಂದೇ ಮಳೆಗೆ ಬಿದ್ದ ಪ್ರಾಣಿ ಮುಳುಗಿ ಸಾಯುತ್ತದೆ. ತೂತಿದ್ದರೂ ಜೋರು ಮಳೆಗಾಲದಲ್ಲಿ ಬೇಡ. ಒಳಗೆ ಒಂದು ಹಿಡಿ ತರಗೆಲೆ, ಸ್ವಲ್ಪ ಹುಳ ಹಾಕಿಡಿ. ಸುಂಡಿಲಿ ಹೊಟ್ಟೆಗಿಲ್ಲದೆ ಕೆಲವೇ ಗಂಟೆ ಬದುಕುತ್ತದೆ. ಬೆಳಿಗ್ಗೆ ಒಮ್ಮೆ ನೋಡಿದರೆ ಸಾಲದು, ರಾತ್ರಿಯೂ ಒಂದು ಸುತ್ತು ಹೋಗಿ. ಕೆಲಸವಿಲ್ಲದ ದಿನ ಮುಚ್ಚಳ ಹಾಕಲು ಮರೆಯಬೇಡಿ, ಕಪ್ಪೆ, ಏಡಿ, ಚೇಳು ಎಲ್ಲ ಬೀಳುತ್ತವೆ.

ತಂತಿ ಬೋನು ಅಳಿಲಿಗೆ, ದೊಡ್ಡ ಇಲಿಗೆ ಸರಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಇಲಿ ಬೋನಿನ ಕಿಂಡಿಯಲ್ಲಿ ಚಿಕ್ಕ ಇಲಿಗಳು ತೂರಿಕೊಂಡು ಹೋಗುತ್ತವೆ. ಹೊರಲು ಭಾರ, ಐದಾರು ಸಾಕು.

ಜನ ಮರೆಯುವುದು ಮರವನ್ನು. ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಪ್ಲಾಟಕ್ಯಾಂಥೋಮಿಸ್ ಎಂಬ ಇಲಿಯಂಥ ಪ್ರಾಣಿ ಇದೆಯಲ್ಲ, ಬೆನ್ನಲ್ಲಿ ಮುಳ್ಳುಗೂದಲು, ಬಾಲದ ತುದಿ ಬ್ರಷ್‌ನಂತೆ. ಅದು ಮರದ ಪೊಟರೆಯಲ್ಲಿರುತ್ತದೆ. ನೆಲದಲ್ಲಿ ಎಷ್ಟೇ ಬೋನಿಟ್ಟರೂ ಅದು ಬೀಳುವ ಆಸೆ ಬೇಡ. ಒಂದಷ್ಟು ಶರ್ಮನ್‌ಗಳನ್ನು ಬಳ್ಳಿ, ಕೊಂಬೆಗೆ ಬಿಗಿಯಾಗಿ ಕಟ್ಟಿ. ಅಲ್ಲಾಡಿದರೆ ಯಾವುದೂ ಹತ್ತಿರ ಬರುವುದಿಲ್ಲ.

ಬೋನು ಬಿಚ್ಚುವಾಗ ಬಟ್ಟೆ ಚೀಲದ ಬಾಯನ್ನು ಬೋನಿನ ಬಾಯಿಗೆ ಹಿಡಿದು ಅಲುಗಾಡಿಸಿ. ಇಲಿ ತಾನಾಗಿ ಚೀಲಕ್ಕಿಳಿಯುತ್ತದೆ, ಚೀಲದ ಸಮೇತ ತೂಗಿ. ಕೈಗೆ ಗ್ಲೌಸ್ ಇರಲಿ. ಇಲಿ ಜ್ವರದ ಭಯ ಒಂದು, ಮಂಗನ ಕಾಯಿಲೆ ಇನ್ನೊಂದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಕಂಡ ಮೇಲೆ ಅಲ್ಲಿನ ಇಲಿ, ಸುಂಡಿಲಿಗಳನ್ನು ಹಿಡಿದು ನೋಡಿದಾಗ ಅವುಗಳಲ್ಲೂ ವೈರಸ್ ಸಿಕ್ಕಿತ್ತು. ಅದು ಮನುಷ್ಯರಿಗೆ ಹೆಚ್ಚಾಗಿ ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ. ಡಿಸೆಂಬರ್‌ನಿಂದ ಮೇ ತನಕ ಹೋಗುವುದಾದರೆ ಉದ್ದ ಪ್ಯಾಂಟು, ಕಾಲಿಗೆ ಉಣ್ಣೆ ಹತ್ತದಂತೆ ಹಚ್ಚುವ ಎಣ್ಣೆ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವ ತನಕ ಒಂದು ಬೋನನ್ನೂ ಇಡಬೇಡಿ. ಅರ್ಜಿ ಈಗಲೇ ಹಾಕಿ, ತಿಂಗಳುಗಟ್ಟಲೆ ಹಿಡಿಯುತ್ತದೆ.

ದುಡ್ಡಿನ ಮಾತಿಗೆ ಬಂದರೆ, ಶರ್ಮನ್‌ಗಳನ್ನು ಯಾರ ಹತ್ತಿರವಾದರೂ ಎರವಲು ಕೇಳಿ. ಬಕೆಟ್‌ಗೆ ಪೇಂಟ್ ಅಂಗಡಿಗೆ ಹೋಗಿ, 20 ಲೀಟರಿನ ಖಾಲಿ ಡಬ್ಬಗಳು ಮುಚ್ಚಳ ಸಮೇತ ಕಡಿಮೆಗೆ ಸಿಗುತ್ತವೆ. ವಾಸನೆ ಹೋಗುವ ತನಕ ತೊಳೆದು ಒಂದು ವಾರ ಬಿಸಿಲಿಗಿಡಿ.