ಗ್ರೀನ್ ಕಾರ್ಡ್ ಇದ್ದವರು ಅಮೆರಿಕದ ಸೇನೆ ಸೇರಬಹುದೇ? ಸೇರಿದರೆ ಪೌರತ್ವ ತಾನಾಗಿಯೇ ಸಿಗುತ್ತದೆಯೇ?

ಸೇರಬಹುದು. ಆದರೆ ಪೌರತ್ವ ತಾನಾಗಿಯೇ ಕೈಗೆ ಬರುವುದಿಲ್ಲ. ಅರ್ಜಿ ಹಾಕಬೇಕು, ಪ್ರಮಾಣವಚನ ತೆಗೆದುಕೊಳ್ಳಬೇಕು. ಸಾಮಾನ್ಯ ಕಾಲದಲ್ಲಿ ಒಂದು ವರ್ಷದ ಸೇವೆ ಆಗಿರಬೇಕು. ಯುದ್ಧಕಾಲವೆಂದು ಘೋಷಿಸಿದ ಅವಧಿಯಲ್ಲಿ ಆ ಷರತ್ತಿಲ್ಲ. 2001ರ ಸೆಪ್ಟೆಂಬರ್ 11ರಿಂದಾಚೆಗಿನ ಕಾಲವನ್ನು ಹಾಗೆಂದು 2002ರಲ್ಲಿ ಅಧ್ಯಕ್ಷ ಬುಷ್ ಆದೇಶಿಸಿದ್ದರು. ಐದು ವರ್ಷ ಗೌರವಯುತ ಸೇವೆ ಮುಗಿಸುವ ಮೊದಲೇ ಕೆಟ್ಟ ಹೆಸರಿನಿಂದ ಹೊರಬಿದ್ದರೆ, ಹೀಗೆ ಸಿಕ್ಕ ಪೌರತ್ವವನ್ನು ವಾಪಸ್ ಪಡೆಯಲೂಬಹುದು.

ಪೌರತ್ವ ಇಲ್ಲದೆ ಅಧಿಕಾರಿ ಹುದ್ದೆ ಸಿಗುವುದು ಕಷ್ಟ. ಎಚ್-1ಬಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ಮಂದಿ ಕೇಳುತ್ತಿರುತ್ತಾರೆ: ಆ ವೀಸಾದ ಮೇಲೆ ಭರ್ತಿ ಇಲ್ಲ. ಭಾಷೆ ಬಲ್ಲವರಿಗೂ ವೈದ್ಯರಿಗೂ ತೆರೆದಿದ್ದ ವಿಶೇಷ ಯೋಜನೆ 2016ರಲ್ಲೇ ನಿಂತುಹೋಯಿತು.

ಸಮವಸ್ತ್ರ ತೊಟ್ಟ ಮಾತ್ರಕ್ಕೆ ದೇಶ ತನ್ನವನೆಂದು ಒಪ್ಪುತ್ತದೆ ಎಂದುಕೊಂಡವರು ಭಗತ್ ಸಿಂಗ್ ಥಿಂದ್ ಕಥೆ ಓದಬೇಕು. ಪಂಜಾಬಿನಿಂದ ಹೋದ ಈತ 1918ರಲ್ಲಿ ಅಮೆರಿಕದ ಸೈನಿಕನಾದ, ಪೇಟ ತೆಗೆಯದೆಯೇ. ಅದೇ ಡಿಸೆಂಬರಿನಲ್ಲಿ ಪೌರತ್ವ ಸಿಕ್ಕಿತು. ನಾಲ್ಕೇ ದಿನಕ್ಕೆ ಕಿತ್ತುಕೊಂಡರು! ಮತ್ತೆ ಆರೆಗಾನ್‌ನಲ್ಲಿ ಪಡೆದ. 1923ರಲ್ಲಿ ಸುಪ್ರೀಂ ಕೋರ್ಟ್ ‘ನೀನು ಬಿಳಿಯನಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹನಲ್ಲ’ ಎಂದಿತು. ಮೊದಲ ಮಹಾಯುದ್ಧದ ಏಷ್ಯನ್ ಸೈನಿಕರಿಗಾಗಿ 1935ರಲ್ಲಿ ಕಾಯ್ದೆ ಬಂದ ಮೇಲೆ, 1936ರಲ್ಲಿ ಅಂತೂ ದಕ್ಕಿತು.

ಇನ್ನೊಂದು ಮಾತು: ಅಮೆರಿಕದ ಪೌರತ್ವ ಪಡೆದ ಗಳಿಗೆಗೇ ಭಾರತದ ಪೌರತ್ವ ಹೋಗುತ್ತದೆ. ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ.